ಮನ್ಸರಾ ಯಾರಂಬೀಯಲ್ಲಿ ಇದ್ದಳು ಎಂಬುದಕ್ಕೆ ಸಾಕ್ಷಿ

ಮನ್ಸರಾ ಪುನ್ ಯಾರಂಬೀ ಎಂಬ ಸಣ್ಣ ಊರಿಗೆ ಬಂದು ತಿಂಗಳು ತುಂಬುವ ಮೊದಲೇ ಪಕ್ಕದ ಮನೆಯವನ ಜೊತೆ ಜಗಳವಾಯಿತು. ಶುರು ಮಾಡಿದವಳು ಅವಳೇ ಎಂದು ಊರು ತೀರ್ಮಾನಿಸಿತು. ಆ ಹೊತ್ತಿಗೆ ನಾನು ಅವಳ ಹಿತ್ತಲಲ್ಲೇ ನಿಂತಿದ್ದೆ, ಆದ್ದರಿಂದ ಊರಿನ ಮಾತು ಸುಳ್ಳೆಂದು ನನಗೆ ಗೊತ್ತು.

ಸಿಡ್ನಿಯಿಂದ ತಂದ ಸಾಸಿವೆ ಸೊಪ್ಪನ್ನು ಜಾಡಿಯಲ್ಲಿ ಹುಳಿ ಬರಿಸಿ, ಗುಂದ್ರುಕ್ ಮಾಡಲೆಂದು ಬೇಲಿಯ ತಂತಿಯ ಮೇಲೆ ಒಣಹಾಕುತ್ತಿದ್ದಳು. ಬೇಲಿಯಾಚೆಯಿಂದ ಮರ್ವ್ ಟ್ರಾಂಟರ್ ತಲೆ ಎತ್ತಿದ. ಎಪ್ಪತ್ತು ದಾಟಿದ ಮುದುಕ, ಹೆಂಡತಿ ಸತ್ತವನು. ನಲವತ್ತು ವರ್ಷ ಊರಿನ ಗೋದಿ ಕಣಜದ ತೂಕದ ಕಟ್ಟೆಯಲ್ಲಿ ಗುಮಾಸ್ತನಾಗಿದ್ದವನು.

"ಏನದು? ಸತ್ತ ಇಲಿ ಒಣಗಿಸ್ತಿದ್ದೀಯಾ?"

"ತಿನ್ನೋದು ಇದು. ನಿನ್ನ ನಾಯಿ ಗಬ್ಬಿಗಿಂತ ವಾಸಿ."

"ನನ್ನ ನಾಯಿ ಈ ಊರಲ್ಲಿ ಹುಟ್ಟಿದ್ದು ಕಣಮ್ಮ."

"ಅದಕ್ಕೇ ಊರೇ ಗಬ್ಬು."

ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಜಗಳಕ್ಕೆ ಬೇಕಾದಷ್ಟು ಇತ್ತು. ಮರ್ವ್ ಬೇಲಿ ಬಿಟ್ಟು ಸರಿದ. ಒಳಗೆ ಹೋಗಿ ಪೌರಸಭೆಗೆ ಫೋನ್ ಮಾಡಿದ. ಆಮೇಲೆ ಡೈರಿ ತೆಗೆದು ದಿನ, ಗಂಟೆ, ಗಾಳಿ ಬೀಸುತ್ತಿದ್ದ ದಿಕ್ಕು, ಎಲ್ಲವನ್ನೂ ಬರೆದುಕೊಂಡ. ಡೈರಿಯ ವಿಷಯ ನಮಗೆ ಗೊತ್ತಾದದ್ದು ಮೂರು ವರ್ಷದ ನಂತರ.

ಆಗ ಯಾರಂಬೀಯಲ್ಲಿ ನಾವು ನೇಪಾಳದವರು ಹನ್ನೊಂದು ಮಂದಿ. ಊರನ್ನು ಮೆಚ್ಚಿ ಬಂದವರು ಒಬ್ಬರೂ ಇಲ್ಲ. ಜನ ಕಡಿಮೆ ಇರುವ ಸೀಮೆಯಲ್ಲಿ ಮೂರು ವರ್ಷ ಇದ್ದು, ದುಡಿದು, ತೆರಿಗೆ ಕಟ್ಟಿ ತೋರಿಸಿದರೆ ಆಸ್ಟ್ರೇಲಿಯಾ ಸರಕಾರ ಕಾಯಂ ವಾಸಕ್ಕೆ ಒಪ್ಪಿಗೆ ಕೊಡುತ್ತದೆ. ನಡುವೆ ಸಿಡ್ನಿಗೋ ಮೆಲ್ಬರ್ನಿಗೋ ಹೋಗಿ ನೆಲೆಸಿದರೆ ಎಲ್ಲವೂ ಮಣ್ಣುಪಾಲು. ನಾವು ಇದನ್ನು ವನವಾಸ ಎನ್ನುತ್ತಿದ್ದೆವು. ಊರಿನವರಿಗೂ ಲೆಕ್ಕ ಗೊತ್ತಿತ್ತು. ಬೇಕರಿಯ ಹೆಂಗಸು ಬ್ರೆಡ್ ಕೊಡುತ್ತಾ, "ಇನ್ನೆಷ್ಟು ತಿಂಗಳು ಉಳೀತು?" ಎನ್ನುತ್ತಿದ್ದಳು, ಜೈಲಿನಲ್ಲಿರುವವರನ್ನು ಕೇಳುವ ಹಾಗೆ. ಒಪ್ಪಿಗೆ ಚೀಟಿ ಕೈಗೆ ಬಂದ ಮಾರನೆಯ ದಿನ ನಾವು ಬಸ್ ಹತ್ತುವವರೆಂದು ಅವರ ಸಿಟ್ಟು. ಹತ್ತುತ್ತಿದ್ದದ್ದೂ ನಿಜ.

ನಮ್ಮೆಲ್ಲರ ಮೇಲೆ ಉದ್ಧವ್ ಬಸ್ನೆತ್. ಹನ್ನೆರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಬಂದು, ಹೆದ್ದಾರಿಯ ಪಕ್ಕದ ಮೋಟೆಲ್ ಕೊಂಡು, ನಾಲ್ಕು ಮನೆಗಳನ್ನೂ ಕೊಂಡಿದ್ದ. ಕೆಲಸ ಅವನದೇ, ಬಾಡಿಗೆ ಮನೆಯೂ ಅವನದೇ. ಯಾರಾದರೂ ಗೊಣಗಿದರೆ, "ನಾನು ಪಟ್ಟಿದ್ರಲ್ಲಿ ಅರ್ಧ ಪಡ್ರೋ, ಆಮೇಲೆ ಬಾಯಿ ಬಿಡಿ" ಎನ್ನುತ್ತಿದ್ದ. ನಾನು ಊರಿನ ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ನನ್ನ ಗಂಡ ನವರಾಜ್ ಅವನ ಮೋಟೆಲಿನಲ್ಲಿ ಕೋಣೆಗಳ ಉಸ್ತುವಾರಿ ನೋಡುತ್ತಿದ್ದ. ಅಂದರೆ ನಮ್ಮ ಮನೆಯ ಅರ್ಧ ಅನ್ನ, ನಾವೆಲ್ಲ ದಾಜು, ಅಣ್ಣ ಎಂದು ಕರೆಯುತ್ತಿದ್ದ ಉದ್ಧವನ ಕೈಯಲ್ಲಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಬೇರೆ ಕಾರಣ ಇಲ್ಲ.

ಮನ್ಸರಾ ಮ್ಯಾಗ್ದಿಯ ಬೆಟ್ಟದವಳು. ಚಾರಣಿಗರ ವಸತಿಯಲ್ಲಿ ಹದಿನಾಲ್ಕನೇ ವಯಸ್ಸಿಗೆ ಒಲೆ ಮುಂದೆ ಕೂತವಳು. ಆಮೇಲೆ ಪೊಖರಾದ ಹೋಟೆಲು, ಆಮೇಲೆ ಸಿಡ್ನಿಯಲ್ಲಿ ಅಡುಗೆಯ ಓದು. ಯಾರಂಬೀಗೆ ಬಂದಾಗ ಮೂವತ್ತೇಳು ವರ್ಷ. ಗಂಡ ಖಡ್ಗ ಅವಳ ವೀಸಾದ ನೆರಳಲ್ಲೇ ಜೊತೆಗೆ ಬಂದಿದ್ದ. ಅವಳಿಗೆ ಯಾರನ್ನೂ ಮೆಚ್ಚಿಸುವ ಚಟ ಇರಲಿಲ್ಲ. "ಇಷ್ಟು ಹಟ ಯಾಕೆ ದೀದಿ, ಸ್ವಲ್ಪ ತಗ್ಗಿ ನಡೀರಿ" ಎಂದು ಒಮ್ಮೆ ಹೇಳಿದ್ದೆ. ನನ್ನನ್ನು ಬಹಿನಿ, ತಂಗಿ ಎಂದು ಕರೆಯುತ್ತಿದ್ದವಳು ಅಂದಳು:

"ಹುಟ್ಟಿದಾಗಿಂದ ಒಬ್ಬರಲ್ಲ ಒಬ್ಬರು 'ಏಳು ಇಲ್ಲಿಂದ' ಅಂದಿದ್ದಾರೆ ಬಹಿನಿ. ಯಾರೂ ಹಾಗನ್ನೋಕಾಗದ ಒಂದು ಜಾಗ ಬೇಕು ನಂಗೆ. ಅದು ನರಕ ಆದ್ರೂ ಸರಿ."

ಖಡ್ಗನಿಗೆ ನರಕ ಬೇಕಿರಲಿಲ್ಲ. ಮೋಟೆಲಿನ ಹುಲ್ಲು ಕತ್ತರಿಸಿ, ಸಂಜೆ ಹೆಂಡದಂಗಡಿಗೆ ಹೋದರೆ ಅವನು ಕೂತ ಬೆಂಚಿನಿಂದ ಜನ ಎದ್ದು ಬೇರೆ ಕಡೆ ಕೂರುತ್ತಿದ್ದರು. "ಈ ಊರಲ್ಲಿ ಹಕ್ಕಿ ಕೂಡ ಮುಖ ತಿರುಗಿಸುತ್ತೆ" ಎನ್ನುತ್ತಿದ್ದ. ಎಂಟನೇ ತಿಂಗಳಲ್ಲಿ ಎರಡು ಸೂಟ್‌ಕೇಸ್ ಹಿಡಿದು ಸಿಡ್ನಿಯ ಬಸ್ ಹತ್ತಿದ. ರಾಕ್‌ಡೇಲ್ ಬಡಾವಣೆಯಲ್ಲಿ ಅವನ ಸೋದರಮಾವನ ಮಗ ಕಚೇರಿಗಳನ್ನು ಗುಡಿಸುವ ಗುತ್ತಿಗೆ ಹಿಡಿದಿದ್ದ. ಎರಡು ತಿಂಗಳು ಎಂದು ಹೋದವನು ಹಬ್ಬಕ್ಕೂ ಬರಲಿಲ್ಲ. ಕೇಳಿದವರಿಗೆಲ್ಲ ಮನ್ಸರಾ, "ವಾರಕ್ಕೊಂದು ಸಲ ಬಂದು ಹೋಗ್ತಾರೆ" ಎನ್ನುತ್ತಿದ್ದಳು. ನಾವು ನಂಬಿದಂತೆ ನಟಿಸುತ್ತಿದ್ದೆವು.

ಪಕ್ಕದ ಮನೆಯ ಯುದ್ಧ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಮೋಟೆಲಿನಲ್ಲಿ ಬೆಳಗಿನ ತಿಂಡಿ ಅವಳ ಪಾಲಿನದು, ಹಾಗಾಗಿ ನಾಲ್ಕೂವರೆಗೇ ಎದ್ದು ಬೇಳೆಗೆ ಕುಕ್ಕರ್ ಇಡುತ್ತಿದ್ದಳು. ಮೂರು ವಿಶಲ್ ಕೂಗಿದರೆ ಮರ್ವ್ ಗೋಡೆ ಗುದ್ದುತ್ತಿದ್ದ. ಅವನು ಗುದ್ದಿದರೆ ಅವಳು ನಾಲ್ಕನೆಯದನ್ನೂ ಕೂಗಿಸುತ್ತಿದ್ದಳು. ಕೋಳಿ ಸಾಕಿದಳು, ದೂರು ಹೋಯಿತು. ನೀರಿನ ನಿರ್ಬಂಧದ ದಿನ ಸೊಪ್ಪಿನ ಮಡಿಗೆ ಪೈಪ್ ಹಿಡಿದಳು, ದೂರು ಹೋಯಿತು. ಪೌರಸಭೆಯ ಕಾಗದಗಳೆಲ್ಲ ಮನೆಯ ಒಡೆಯನಾದ ಉದ್ಧವನಿಗೆ ಬರುತ್ತಿದ್ದವು. ಅವನು ಅವನ್ನು ಅಡುಗೆಮನೆಗೆ ತಂದು ಅವಳೆದುರೇ ಹರಿದು ಕಸದ ಡಬ್ಬಿಗೆ ಹಾಕಿ, "ನಿನ್ನಿಂದ ನನ್ನ ಮರ್ಯಾದೆ ಹೋಗ್ತಿದೆ" ಎಂದು ಕೂಗುತ್ತಿದ್ದ.

ಎರಡನೇ ವರ್ಷ ಮೋಟೆಲಿಗೆ ಆರು ಹೊಸ ಕೋಣೆ ಕಟ್ಟಿಸಿದ. ಪೂಜೆಗೆ ಸುತ್ತಲಿನ ಊರುಗಳಿಂದೆಲ್ಲ ನಮ್ಮವರು ಬಂದಿದ್ದರು. ಮನ್ಸರಾಳ ರಜೆಯ ದಿನವದು, ಆದರೂ ಬೆಳಗಿನಿಂದ ದೊಡ್ಡ ಪಾತ್ರೆಯಲ್ಲಿ ಮೇಕೆ ಮಾಂಸ ಬೇಯಿಸುತ್ತಿದ್ದಳು. ಉದ್ಧವ್ ನೆಂಟರನ್ನು ಕರೆದುಕೊಂಡು ಒಳಗೆ ಬಂದು, ಅವಳ ಕಡೆ ಬೆರಳು ತೋರಿಸಿ ಹೇಳಿದ:

"ಇವಳ ಬಾಯಿ ಬಹಳ ದೊಡ್ಡದು. ಆದ್ರೆ ಕೈ ಕೆಲಸ ಮಾಡುತ್ತೆ. ಮಾಡ್ಲೇಬೇಕಲ್ಲ, ವೀಸಾ ಕೊಟ್ಟಿದ್ದು ಸರಕಾರ ಅಂತ ಹೇಳೋಕಷ್ಟೇ, ಕೊಟ್ಟಿದ್ದು ನಾನು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನ್ಸರಾ ಸೌಟು ಕೆಳಗಿಟ್ಟು ಒಲೆ ಆರಿಸಿದಳು. "ನೀನು ಕೊಟ್ಟಿದ್ದಾದ್ರೆ ಬರೆದು ಕೊಡು ದಾಜು, ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕ್ತೀನಿ. ಈಗ ಮಾಂಸ ಅರ್ಧ ಬೆಂದಿದೆ. ಮಿಕ್ಕಿದ್ದನ್ನ ವೀಸಾ ಕೊಟ್ಟ ಕೈಯೇ ಬೇಯಿಸ್ಲಿ."

ಏಪ್ರನ್ ಬಿಚ್ಚಿ ಹೊರಟೇಹೋದಳು. ನೂರಿಪ್ಪತ್ತು ಜನಕ್ಕೆ ಆ ದಿನ ಅರೆಬೆಂದ ಮಾಂಸ. ಹತ್ತು ದಿನದಲ್ಲಿ ಬೌಲ್ಸ್ ಆಟದ ಕ್ಲಬ್ಬಿನ ಅಡುಗೆಮನೆಯಲ್ಲಿ ಕೆಲಸ ಹಿಡಿದಳು. ಅಲ್ಲಿನ ಅಡುಗೆಯವನು ಓಡಿಹೋಗಿದ್ದರಿಂದ ಅವರಿಗೆ ಬೇರೆ ಗತಿ ಇರಲಿಲ್ಲ. ಕ್ಲಬ್ಬಿನ ಗಂಡಸರು ತಟ್ಟೆಯ ಕೆಳಗೆ ಚೀಟಿ ಬಿಟ್ಟುಹೋಗುತ್ತಿದ್ದರು: "ಮಸಾಲೆ ಸಾರು ಬೇಡ, ಕರಿದ ಆಲೂಗೆಡ್ಡೆ ಸಾಕು." ಉದ್ಧವ್ ಮನೆ ಖಾಲಿ ಮಾಡು ಎಂದ. "ಕರಾರು ಮುಗಿಯೋವರೆಗೆ ಅಲ್ಲಾಡಲ್ಲ. ಮುಗಿದ ಮೇಲೆ ಕೋರ್ಟಿಗೆ ಬಾ" ಎಂದಳು. ಅವಳ ಹೆಸರು ಎತ್ತಿದರೆ ಅವನ ಮುಖ ಕಪ್ಪಿಡುತ್ತಿತ್ತು. ನಾವೆಲ್ಲ ಅವಳ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆವು. ಯಾರೂ ಬೇಡ ಅಂದಿರಲಿಲ್ಲ. ಅನ್ನುವುದು ಬೇಕಿರಲಿಲ್ಲ.

ಮೂರು ವರ್ಷ ತುಂಬಿತು. ಅರ್ಜಿ ಹಾಕಿದಳು, ಖಡ್ಗನ ಹೆಸರನ್ನೂ ಸೇರಿಸಿ. ಐದನೇ ತಿಂಗಳಿಗೆ ವಲಸೆ ಇಲಾಖೆಯಿಂದ ಕಾಗದ ಬಂತು. ಓದಿಸಿಕೊಳ್ಳಲು ಆಸ್ಪತ್ರೆಗೇ, ನನ್ನ ಬಳಿ ತಂದಳು. ಅದರಲ್ಲಿ ಹೀಗಿತ್ತು: ನೀವು ಯಾರಂಬೀಯ ವಿಳಾಸವನ್ನು ಹೆಸರಿಗೆ ಮಾತ್ರ ಇಟ್ಟುಕೊಂಡು ಸಿಡ್ನಿಯಲ್ಲಿ ವಾಸವಾಗಿದ್ದೀರೆಂದು ನಮಗೆ ಮಾಹಿತಿ ಬಂದಿದೆ. ನಿಮ್ಮ ಬ್ಯಾಂಕಿನ ಕಾರ್ಡು ಎರಡೂವರೆ ವರ್ಷದಿಂದ ವಾರಕ್ಕೆ ನಾಲ್ಕೈದು ಬಾರಿ ಸಿಡ್ನಿಯಲ್ಲಿ ಬಳಕೆಯಾಗಿದೆ. ಸಂಬಳದ ಚೀಟಿಗಳಷ್ಟೇ ಸಾಲವು, ನೀವು ಅಲ್ಲಿ ಇದ್ದುದಕ್ಕೆ ಸಾಕ್ಷಿ ಸಹಿತ ಇಪ್ಪತ್ತೆಂಟು ದಿನದೊಳಗೆ ಉತ್ತರಿಸಿ.

ಖಾತೆ ಗಂಡ ಹೆಂಡತಿ ಇಬ್ಬರದೂ. ಕಾರ್ಡು ಉಜ್ಜಿದವನು ಖಡ್ಗ. ಮಾಹಿತಿ ಕೊಟ್ಟವರು ಯಾರೆಂದು ಕಾಗದದಲ್ಲಿ ಇರಲಿಲ್ಲ. ನಾವು ಉದ್ಧವನೇ ಎಂದು ಊಹಿಸಿದೆವು, ಜೋರಾಗಿ ಯಾರೂ ಹೇಳಲಿಲ್ಲ.

"ನಾನು ಇಲ್ಲೇ ಇದ್ದೆ ಅಂತ ನೀನು ಒಂದು ಪ್ರಮಾಣಪತ್ರ ಬರೆದು ಕೊಡು ಬಹಿನಿ" ಎಂದಳು.

ನಾನು ಕಾಗದವನ್ನು ಮಡಚಿದೆ, ಮತ್ತೆ ಬಿಡಿಸಿದೆ. "ದೀದಿ, ನಮ್ಮ ಅರ್ಜಿನೂ ಇನ್ನೂ ಇತ್ಯರ್ಥ ಆಗಿಲ್ಲ. ನವರಾಜನ ಕೆಲಸ..."

"ಸಾಕು ಬಿಡು."

"ಕೋಪ ಮಾಡ್ಕೋಬೇಡಿ."

"ಕೋಪ ಅಲ್ಲ. ಲೆಕ್ಕದಿಂದ ಒಬ್ಬಳನ್ನ ತೆಗೆದೆ, ಅಷ್ಟೇ."

ಕ್ಲಬ್ಬಿನ ಕಾರ್ಯದರ್ಶಿ ತಾವು ಇಂಥದ್ದರಲ್ಲೆಲ್ಲ ತಲೆ ಹಾಕುವುದಿಲ್ಲ ಎಂದ. ಬೇಕರಿಯವಳು ತನಗೆ ಮುಖಗಳು ನೆನಪಿರುವುದಿಲ್ಲ ಎಂದಳು, ಮೂರು ವರ್ಷ ತಿಂಗಳು ಎಣಿಸಿದವಳು. ಹದಿನೈದು ದಿನ ಹೀಗೇ ಕಳೆಯಿತು. ಹದಿನಾರನೆಯ ದಿನ ಮಧ್ಯಾಹ್ನ ಮನ್ಸರಾ ನನ್ನ ಬಾಗಿಲಿಗೆ ಬಂದಳು. "ಸಹಿ ಬೇಡ. ಇಂಗ್ಲಿಷ್ ಸಾಕು. ನಡಿ" ಎಂದಳು. ಎಲ್ಲಿಗೆ ಎಂದು ಕೇಳುವ ಮುಖ ನನಗಿರಲಿಲ್ಲ.

ಮರ್ವ್ ಜಗುಲಿಯಲ್ಲಿ ಕೂತು ನಾಯಿಯ ಉಗುರು ಕತ್ತರಿಸುತ್ತಿದ್ದ.

"ಏನು? ಇವತ್ತು ಯಾವ ಗಬ್ಬು?"

"ಗಬ್ಬಲ್ಲ. ಕಾಗದ." ಅವನ ಮುಂದೆ ಚಾಚಿದಳು.

ಕನ್ನಡಕ ಏರಿಸಿ ಎರಡು ಸಲ ಓದಿದ. "ಇವರು ಹೇಳ್ತಿರೋದು ನೀನು ಇಲ್ಲಿ ಇರಲೇ ಇಲ್ಲ ಅಂತ."

"ಹೂಂ."

"ಮೂರು ವರ್ಷ?"

"ಹೂಂ."

"ಹಾಗಾದ್ರೆ ಬೆಳಿಗ್ಗೆ ಐದಕ್ಕೆ ಆ ಹಾಳು ಕುಕ್ಕರ್ ಕೂಗಿಸ್ತಿದ್ದಿದ್ದು ಯಾರು? ನನ್ನ ಸತ್ತ ಹೆಂಡ್ತೀನಾ?"

ಎದ್ದು ಒಳಗೆ ಹೋದ. ಮೂರು ದಪ್ಪ ಡೈರಿ ತಂದು ಮೇಜಿನ ಮೇಲೆ ಬಡಿದ. ಪ್ರತಿ ದಿನಕ್ಕೂ ಒಂದು ಪುಟ, ಮೇಲೆ ಆ ದಿನದ ಮಳೆ, ಕೆಳಗೆ ಅವಳು.

"ಇದನ್ನ ಬರೆದಿದ್ದು ನಿನ್ನ ಓಡಿಸೋಕೆ. ಗೊತ್ತಾಯ್ತಾ?"

"ಗೊತ್ತು."

"ಈಗ್ಲೂ ನೀನು ಹೋದ್ರೆ ನಾನು ಬೀರ್ ಕುಡಿದು ಮಲಗ್ತೀನಿ."

"ಅದೂ ಗೊತ್ತು. ಬರೆದಿರೋದು ಸುಳ್ಳಾ ನಿಜಾನಾ, ಅಷ್ಟು ಹೇಳು."

ಅವನ ಕುತ್ತಿಗೆ ಕೆಂಪಾಯಿತು. "ನಲವತ್ತು ವರ್ಷ ಗೋದಿ ಲಾರಿ ತೂಕ ಬರೆದೋನು ನಾನು. ನನ್ನ ಕೈಯಿಂದ ಒಂದು ಕಿಲೋ ಸುಳ್ಳು ಬಿದ್ದಿಲ್ಲ. ಎಲ್ಲೋ ನಗರದಲ್ಲಿ ಕುರ್ಚಿ ಬಿಸಿ ಮಾಡ್ತಿರೋನು ನಾನು ಮೂರು ವರ್ಷ ದೆವ್ವದ ಮೇಲೆ ದೂರು ಕೊಟ್ಟೆ ಅಂತಾನಾ?"

"ಹಾಗಾದ್ರೆ ಕೊಡು."

"ಕೊಡ್ತೀನಿ. ಆದ್ರೆ ಎಲ್ಲಾ ಪುಟಾನೂ. ನಿಂಗೆ ಬೇಕಾದ್ದು ಆರಿಸಿ ಬೇಡದ್ದು ಬಿಡೋಕೆ ಇದು ಸಂತೆ ಅಲ್ಲ. ಎಲ್ಲಾ ಹೋಗ್ಬೇಕು, ಇಲ್ಲ ಒಂದೂ ಹೋಗಲ್ಲ."

ಡೈರಿಗಳನ್ನು ನಮ್ಮ ಕೈಗೆ ಕೊಡಲಿಲ್ಲ. ತಾನೇ ಗ್ರಂಥಾಲಯಕ್ಕೆ ಹೊತ್ತು ತಂದು, ಪಕ್ಕದಲ್ಲಿ ನಿಂತು, ಸಾವಿರಕ್ಕೂ ಮಿಕ್ಕ ಪುಟಗಳ ನಕಲು ಮಾಡಿಸಿದ. ಎಲ್ಲವೂ ನಿಜವೆಂದು ಅಲ್ಲೇ ಪ್ರಮಾಣಪತ್ರ ಬರೆದು ಸಹಿ ಹಾಕಿದ. ಹೋಗುವಾಗ ಅವಳಿಗೆ ಹೇಳಿದ: "ಕೋಳಿ ವಿಚಾರ ಇನ್ನೂ ಮುಗಿದಿಲ್ಲ."

ಅವಳ ಅಡುಗೆಮನೆಯಲ್ಲಿ ನಾನು ಪುಟ ತಿರುಗಿಸುತ್ತಾ ಓದಿ ಹೇಳುತ್ತಿದ್ದೆ. ಮಳೆ ಇಲ್ಲ, ಐದು ಗಂಟೆ ಎರಡು ನಿಮಿಷಕ್ಕೆ ಕುಕ್ಕರ್, ನಾಲ್ಕು ಸಲ. ಮಳೆ ಎರಡು ಮಿಲಿಮೀಟರ್, ಹುಂಜ ಬೇಲಿ ಹಾರಿ ಬಂತು. ಹೆಂಗಸು ಹಿತ್ತಲಲ್ಲಿ ಒಬ್ಬಳೇ ಹಾಡುತ್ತಿದ್ದಳು, ಇಪ್ಪತ್ತು ನಿಮಿಷ, ಭಾಷೆ ತಿಳಿಯದು. ಬೈಗುಳದಂತೆ ಬರೆದ ಆ ಪುಟಗಳಲ್ಲಿ ಅವಳು ಒಂದು ದಿನವೂ ತಪ್ಪಿರಲಿಲ್ಲ. ಅಷ್ಟು ಗಮನವಿಟ್ಟು ನಾವ್ಯಾರೂ ಅವಳನ್ನು ನೋಡಿರಲಿಲ್ಲ.

ಮೊದಲ ವರ್ಷದ ಆಗಸ್ಟಿಗೆ ಬಂದಾಗ ಬೆರಳನ್ನು ಸಾಲಿನ ಮೇಲಿಟ್ಟು ನಿಲ್ಲಿಸಿದೆ.

"ಓದು" ಎಂದಳು.

"'ಆಗಸ್ಟ್ ಹನ್ನೊಂದು, ಗುರುವಾರ. ಗಂಡ ಎರಡು ಸೂಟ್‌ಕೇಸ್ ಸಮೇತ ಸಿಡ್ನಿ ಬಸ್ಸಿಗೆ ಹೋದ. ಒಬ್ಬ ಕಮ್ಮಿ.'"

ಆಮೇಲೆ ಪ್ರತಿ ತಿಂಗಳ ಕೊನೆಗೆ ಒಂದು ಸಾಲು: ಗಂಡ ಬಂದಿಲ್ಲ. ಎರಡೂವರೆ ವರ್ಷ, ತಿಂಗಳಿಗೊಂದರಂತೆ. ಅವಳು ಇಲ್ಲಿದ್ದಳು ಎನ್ನುವ ಪುಟಗಳೇ ಅವನು ಇರಲಿಲ್ಲ ಎಂದೂ ಹೇಳುತ್ತಿದ್ದವು.

ಮಾರನೆಯ ದಿನ ಅವಳೇ ಖಡ್ಗನಿಗೆ ಫೋನ್ ಮಾಡಿ ತಿಳಿಸಿದಳು. ಫೋನು ಮೇಜಿನ ಮೇಲಿತ್ತು, ಅವನ ಮಾತು ನನಗೂ ಕೇಳುತ್ತಿತ್ತು.

"ಆ ಪುಟಗಳನ್ನ ತೆಗೆದು ಕಳಿಸು. ಅಷ್ಟೇ ತಾನೆ?"

"ಎಲ್ಲಾ ಹೋಗ್ಬೇಕು ಅಂತ ಮಾತು ಕೊಟ್ಟಿದ್ದೀನಿ."

"ಯಾರಿಗೆ? ಆ ಮುದುಕನಿಗಾ? ನಿನ್ನ ಮೇಲೆ ಉಗಿಯೋನಿಗೆ? ಕಾರ್ಡು ಕಳೆದುಹೋಗಿತ್ತು ಅಂತ ಬರಿ. ನಾನು ವಾರಕ್ಕೊಮ್ಮೆ ಬರ್ತಿದ್ದೆ ಅಂತ ಬರಿ. ನೀನೇ ಎಲ್ಲರಿಗೂ ಹಾಗೆ ಹೇಳ್ತಿದ್ದೆ."

"ಹೇಳ್ತಿದ್ದೆ. ನಾಚಿಕೆಗೆ ಹೇಳ್ತಿದ್ದೆ."

"ಗಂಡನಿಗಿಂತ ವೈರಿ ಮಾತು ಹೆಚ್ಚಾಯ್ತು ನಿಂಗೆ."

ಮನ್ಸರಾ ಗಂಡನನ್ನು ಅದುವರೆಗೂ ಬಹುವಚನದಲ್ಲೇ ಮಾತಾಡಿಸಿದವಳು. ಆ ದಿನ ಅದೂ ಹೋಯಿತು.

"ವೈರಿ ದಿನಾ ಎದ್ದು ನಾನಿದ್ದೀನಾ ಅಂತ ನೋಡಿದ್ದಾನೆ. ನೀನು ಎಷ್ಟು ಸಲ ನೋಡಿದೆ? ನನ್ನ ಸಂಬಳ ಬಂದಿದ್ಯಾ ಅಂತ ಮಾತ್ರ ನೋಡಿದೆ."

"ನನ್ನ ಇಲ್ಲಿಂದ ಓಡಿಸ್ತಾರೆ ಮನ್ಸರಾ. ಗೊತ್ತಾ ನಿಂಗೆ?"

"ಗೊತ್ತು. ಬಸ್ ಹತ್ತುವಾಗ ನಿಂಗೂ ಗೊತ್ತಿತ್ತು."

ಅವನು ಅವಳ ತಾಯಿಯನ್ನು ಸೇರಿಸಿ ಬೈದ. ಅವಳು ಪೂರ್ತಿ ಕೇಳಿಸಿಕೊಂಡು ಫೋನ್ ಆರಿಸಿದಳು. ನಂತರ ಸಿಂಕಿನ ಬಳಿ ನಿಂತು ಬಹಳ ಹೊತ್ತು ಒಂದೇ ಪಾತ್ರೆ ಉಜ್ಜಿದಳು. ಸಂತೈಸಲೆಂದು ಹತ್ತಿರ ಹೋದೆ. "ನೀನು ಮನೆಗೆ ಹೋಗು ಬಹಿನಿ. ಓದಿದ್ದಕ್ಕೆ ಉಪಕಾರ ಆಯ್ತು" ಎಂದಳು, ಮುಖ ತಿರುಗಿಸದೆ.

ಪುಟಗಳು ಒಂದೂ ಬಿಡದೆ ಹೋದವು. ಜೊತೆಗೆ, ಗಂಡ ನನ್ನೊಡನೆ ಇರಲಿಲ್ಲ, ಕಾರ್ಡು ಅವನ ಕೈಯಲ್ಲಿತ್ತು ಎಂದು ಅವಳೇ ಬರೆದ ಎರಡು ಸಾಲು. ನಾಲ್ಕು ತಿಂಗಳ ನಂತರ ಅವಳಿಗೆ ಕಾಯಂ ವಾಸದ ಒಪ್ಪಿಗೆ ಬಂತು. ಖಡ್ಗನದು ತಿರಸ್ಕಾರವಾಯಿತು. ಅವನು ವಕೀಲನನ್ನು ಹಿಡಿದು ವರ್ಷ ಎಳೆದಾಡಿ, ಕೊನೆಗೆ ಪೊಖರಾಕ್ಕೆ ಹಿಂತಿರುಗಿದ. ಗಂಡನನ್ನು ಸರಕಾರಕ್ಕೆ ಹಿಡಿದುಕೊಟ್ಟವಳು ಎಂಬ ಹೆಸರು ಅಲ್ಲಿ ಅವಳ ತಾಯಿಯ ಮನೆಯವರೆಗೂ ಹೋಯಿತು. ರಾಕ್‌ಡೇಲಿನ ನೇಪಾಳಿ ಅಂಗಡಿಗಳಲ್ಲಿ ಈಗಲೂ ಹಾಗೇ ಹೇಳುತ್ತಾರೆ. ಉದ್ಧವ್ ದಾಜುವಂತೂ ಹೊಸಬರಿಗೆ ಬುದ್ಧಿ ಹೇಳುವಾಗಲೆಲ್ಲ ಅವಳ ಕಥೆ ತೆಗೆಯುತ್ತಿದ್ದ.

ಒಪ್ಪಿಗೆ ಬಂದ ವಾರ ಬೇಕರಿಯವಳು ಕೇಳಿದಳಂತೆ, "ಬಸ್ ಯಾವಾಗ?"

"ಯಾರ ಬಸ್ಸು?" ಎಂದಳಂತೆ ಮನ್ಸರಾ. "ನಾನು ಎಲ್ಲಿಗೂ ಹೋಗಲ್ಲ. ನಿಮಗೆ ಬೇಜಾರಾದ್ರೆ ನೀವು ಹೋಗಿ."

ಹೋಗಲಿಲ್ಲ. ಉದ್ಧವನ ಮನೆಯನ್ನು ಬಿಟ್ಟು, ಅದೇ ಬೀದಿಯ ಕೊನೆಯಲ್ಲಿ ಪಾಳು ಬಿದ್ದಿದ್ದ ಮನೆ ಹಿಡಿದಳು. ಕ್ಲಬ್ಬಿನ ಅಡುಗೆಮನೆಯನ್ನು ಗುತ್ತಿಗೆಗೆ ತೆಗೆದುಕೊಂಡು ಆಲೂಗೆಡ್ಡೆ ಕರಿಯುವುದನ್ನು ನಿಲ್ಲಿಸಿದಳು. ಗಂಡಸರು ಕೂಗಾಡಿದರು, ಸಹಿ ಸಂಗ್ರಹಿಸಿದರು, ಆಮೇಲೆ ಹಸಿವಾಗಿ ತಿಂದರು. ಪ್ರೀತಿಯೇನೂ ಹುಟ್ಟಲಿಲ್ಲ. ಈಗಲೂ ಅಂಚೆ ಕಚೇರಿಯ ಸಾಲಿನಲ್ಲಿ ಅವಳ ಹಿಂದೆ ಒಂದು ಮಾರು ಜಾಗ ಬಿಟ್ಟು ನಿಲ್ಲುತ್ತಾರೆ. ಆ ಜಾಗ ತನಗೆ ಆರಾಮವಾಗಿದೆ ಎನ್ನುತ್ತಾಳೆ ಅವಳು.

ನಮಗೂ ಒಪ್ಪಿಗೆ ಬಂತು, ನಾವು ಬಸ್ ಹತ್ತಿದೆವು. ಮುಂದಿನ ದಶೈಂಗೆ, ಹಿರಿಯರಿಂದ ಟೀಕಾ ಹಚ್ಚಿಸಿಕೊಳ್ಳುವ ನಮ್ಮ ದಸರಾ ಹಬ್ಬಕ್ಕೆ, ಸಿಡ್ನಿಯಲ್ಲಿ ಬಂಧುಬಳಗ ಇದ್ದರೂ, ಏಳು ಗಂಟೆ ಕಾರು ಓಡಿಸಿಕೊಂಡು ಯಾರಂಬೀಗೆ ಹೋದೆ. ವಯಸ್ಸಿನಲ್ಲಿ ಹಿರಿಯಳು, ಅವಳ ಕೈಯಿಂದ ಟೀಕಾ ಹಚ್ಚಿಸಿಕೊಳ್ಳಬೇಕು ಎಂದುಕೊಂಡೆ. ಮನಸ್ಸಿನಲ್ಲಿ ಇದ್ದದ್ದು ಅದಲ್ಲ, ಕ್ಷಮೆ. ಅದನ್ನು ಕೇಳುವ ಬಾಯಿ ಇಲ್ಲದ್ದಕ್ಕೆ ಹಣೆ ಒಡ್ಡಲು ಹೋದೆ.

ಬಾಗಿಲು ತೆರೆದು ನನ್ನನ್ನು ನೋಡಿದಳು. "ಓಹೋ, ಸಿಡ್ನಿಯೋರು. ಬಾ."

ಕೂರಿಸಿದಳು. ಮೊಸರಲ್ಲಿ ಕಲಸಿದ ಕೆಂಪು ಅಕ್ಕಿ ತಂದು ನನ್ನ ಹಣೆಗೆ ಒತ್ತಿದಳು, ಕಿವಿಗೆ ಬಾರ್ಲಿಯ ಹಳದಿ ಚಿಗುರು ಸಿಕ್ಕಿಸಿದಳು. ಟೀಕಾ ಹಚ್ಚುವವರು ಆಯಸ್ಸು, ಸಂಪತ್ತು, ಸುಖ ಎಂದೆಲ್ಲ ಹರಸುವುದು ನಮ್ಮಲ್ಲಿ ವಾಡಿಕೆ. ನಾನು ತಲೆ ಬಗ್ಗಿಸಿ ಕಾದೆ. ಅವಳ ಬೆರಳು ಹಣೆಯ ಮೇಲೆ ಇತ್ತು, ಉಸಿರು ಕೇಳುತ್ತಿತ್ತು. ಹರಕೆಯ ಮಾತು ಬರಲಿಲ್ಲ.

ಕೈ ತೊಳೆದುಕೊಂಡು ಬಂದು, "ಊಟ ಮಾಡ್ಕೊಂಡು ಹೋಗು, ದಾರಿ ದೂರ" ಎಂದಳು. ಬಡಿಸಿದ್ದನ್ನು ಉಂಡು ಹೊರಟೆ.